ಮಾಸ್ತರಿಗೆ ಹೊರಗಿನ ಗಾಳಿ

ಅಕ್ಕಿಆಲೂರಿನ ಅಕ್ಕಿಗಿರಣಿಯ ಹೊಗೆಕೊಳವೆಯನ್ನು ಮುಗಿಲಿಗೇರಿಸುತ್ತೇನೆ, ಅದೂ ಕೇವಲ ನನ್ನ ಮಾತಿನ ಬಲದಿಂದ! ೧೯೫೮ರ ಸುಗ್ಗಿಯಲ್ಲಿ ನಾನು ಮಾಡಿದ ಘೋರ ಪ್ರತಿಜ್ಞೆಯಿದು. ಮಾಡದೆ ಏನು ಮಾಡಲಿ? ನಾನು ಕನ್ನಡ ಶಾಲೆಯ ಮಾಸ್ತರ. ಮನೆ ಗಿರಣಿಯ ಹಿಂದೆ. ಕೊಳವೆ ಎಷ್ಟು ಗಿಡ್ಡವೆಂದರೆ, ಹೊಗೆ ಮೇಲೇರುವ ತೊಂದರೆ ತೆಗೆದುಕೊಳ್ಳದೆ ನೇರ ನಮ್ಮ ಪಡಸಾಲೆಗೆ ಬಂದು ಕೂರುತ್ತಿತ್ತು. ಮೊಸರಿನ ಮೇಲೆ ಕೆನೆಗಿಂತ ಮೊದಲು ಹೊಟ್ಟಿನ ಧೂಳು ಕಟ್ಟುತ್ತಿತ್ತು. ತರಗತಿಯಲ್ಲಿ ಪದ್ಯದ ಮೊದಲ ಸಾಲು ನಾನು ಹೇಳಿದರೆ ಉಳಿದದ್ದನ್ನು ನನ್ನ ಕೆಮ್ಮು ಹೇಳುತ್ತಿತ್ತು! ಹೀಗೇ ಆದರೆ ನೌಕರಿ ಹೋಗುತ್ತದೆಂಬ ಹೆದರಿಕೆ ನಿಜವಾಗಿಯೂ ಹತ್ತಿಕೊಂಡಿತು.

ಗಿರಣಿಯ ಮಹಾಲಿಂಗಪ್ಪ ಸಾವಕಾರರ ಮುಂದೆ ನಿಂತು, "ಸಾವಕಾರ್ರ, ವಾಯುವೇ ಪ್ರಾಣ..." ಎಂದು ಭಾಷಣ ಆರಂಭಿಸಿದೆ. ಕೆಮ್ಮು ಬಂತು.

"ಮೊದಲ ನೀರ ಕುಡೀರಿ ಮಾಸ್ತರ," ಎಂದು ತಂಬಿಗೆ ಕೊಟ್ಟು ಅವರು ಒಳಗೆ ಹೋದರು.

ಹಾನಗಲ್ಲಿನ ಡಾಕ್ಟರರು ನನ್ನೆದೆಗೆ ನಳಿಗೆಯಿಟ್ಟು, "ಇದು ಹೊರಗಿನ ಗಾಳಿ ಮಾಡಿದ ಕೆಲಸರಿ. ಹೊಗಿ, ಧೂಳು ಎದಿಯೊಳಗ ಕುಂತಾವ," ಎಂದರು. ಸಾಕ್ಷಿ ಸಿಕ್ಕಿತು! ವಿಜಯೋತ್ಸಾಹದಿಂದ ಮನೆಗೆ ಬಂದು, ಅಕ್ಕಿ ಕೇರುತ್ತಿದ್ದ ಹೆಂಡತಿ ದಾನವ್ವನಿಗೆ ಸಾರಿದೆ.

"ಕೇಳಿದೇನು? ನನಗ ಹೊರಗಿನ ಗಾಳಿ ಬಡದೈತಂತ!"

ನಮ್ಮ ಕಡೆ ಹೊರಗಿನ ಗಾಳಿಯೆಂದರೆ ದೆವ್ವ! ಕನ್ನಡ ಕಲಿಸುವ ನಾನೇ ಇದನ್ನು ಮರೆತಿದ್ದೆ. ದಾನವ್ವನ ಕೈಯ ಮೊರ ಬಿತ್ತು.

"ಅಯ್ಯ ನನ್ನ ಶಿವನ! ಎಲ್ಲಿಂದ ಬಡೀತ್ರಿ?"

"ಗಿರಣಿ ಕಡಿಂದ."

"ಗಂಡೋ, ಹೆಣ್ಣೋ?"

"ಗಾಳಿಗೆಂಥಾ ಗಂಡು ಹೆಣ್ಣು? ನಪುಂಸಕಲಿಂಗ!"

"ಯಾವಾಗಿಂದ ಐತ್ರಿ?"

"ಸುಗ್ಗಿ ಸುರು ಆದಾಗಿಂದ. ನಿನಗೂ ಬಡದೈತಿ, ಓಣಿಗೆಲ್ಲಾ ಬಡದೈತಿ!"

ಅಷ್ಟು ಕೇಳಿದ್ದೇ ತಡ, ದಾನವ್ವ ಬರಿಗಾಲಲ್ಲಿ ಓಡಿ ಗಾಳಿ ಬಿಡಿಸುವ ಖಾದರಸಾಬನನ್ನು ಕರೆತಂದಳು. ಹಿಂದೆ ಇಡೀ ಓಣಿ. ಓಣಿಯ ಹಿಂದೆ ಸಾವಕಾರರು! ಖಾದರಸಾಬ ನನ್ನ ಮೂಗಿನಡಿ ಕೆಂಡವಿಟ್ಟು ಲೋಬಾನ ಹಾಕಿದ, ಸಾಲದ್ದಕ್ಕೆ ಒಣಮೆಣಸಿನಕಾಯಿಯನ್ನೂ ಹಾಕಿದ. ಹೊಗೆಯ ರೋಗಕ್ಕೆ ಹೊಗೆಯೇ ಮದ್ದು! ನನಗೆ ಪ್ರಾಣ ಹೋಗುವಂಥ ಕೆಮ್ಮು.

"ನೋಡ್ರಿ, ಒದರಾಕತ್ತೈತಿ!" ಎಂದಿತು ಜನ.

ಖಾದರಸಾಬ ಬಂಕಾಪುರದ ನವಿಲುಗರಿಯ ಕಟ್ಟಿನಿಂದ ತಲೆಗೆ ಬಡಿದು ಕೇಳಿದ. "ಎಲ್ಲಿಂದ ಬಂದಿ? ಹೇಳು!"

ಕೆಮ್ಮಿ ಕೆಮ್ಮಿ ನನ್ನ ಗಂಟಲು ಬೇರೆಯವರದಾಗಿತ್ತು. ಸಿಟ್ಟಿನಿಂದ ಇದ್ದ ಸತ್ಯವನ್ನೇ ಗುಡುಗಿದೆ. "ಗಿರಣಿ ಕೊಳವಿಯಿಂದ!"

"ಏನು ಬೇಕು?"

"ಕೊಳವಿ ಎತ್ತರ ಆಗಬೇಕು! ಇಲ್ಲಂದ್ರ ಎಲ್ಲಾರ ಎದಿಯೊಳಗೂ ಕುಂದರ್ತೇನಿ. ಮೊದಲ ಸಾವಕಾರನ ಎದಿ!"

ಆ ವಾರವೇ ಕೊಳವೆ ತೆಂಗಿನಮರವನ್ನು ದಾಟಿತು! ಪಡಸಾಲೆಗೆ ಬರುತ್ತಿದ್ದ ಹೊಗೆ ನಿಂತಿತು. ಕೆಮ್ಮು ಇಳಿಯಿತು, ನೌಕರಿ ಉಳಿಯಿತು. ನಾನು ಎದೆಯುಬ್ಬಿಸಿ ಸಾವಕಾರರಿಗೆ ಹೇಳಿದೆ. "ಕಡೀಕೂ ನನ್ನ ಮಾತು ಕೇಳಿದ್ರಿ ನೋಡ್ರಿ!"

"ನಿಮ್ಮ ಮಾತು ಯಾರು ಕೇಳ್ತಾರ್ರಿ ಮಾಸ್ತರ? ಅದು ಹೇಳ್ತು, ಮಾಡಿಸಿದೆ."

ಮೊನ್ನೆ ಓಣಿಯ ಗಟಾರ ಕಟ್ಟಿಕೊಂಡಿತು. ಪಂಚಾಯತಿಯಲ್ಲಿ ಮಾತಾಡಿಯೇ ಬರುತ್ತೇನೆಂದು ನಾನು ರುಮಾಲು ಸುತ್ತತೊಡಗಿದೆ. ದಾನವ್ವ ಕೈ ಹಿಡಿದು ಜಗ್ಗಿ ಕೂರಿಸಿದಳು.

"ನೀವು ಹೋಗಬ್ಯಾಡ್ರಿ, ಆಗೂ ಕೆಲಸ ಕೆಡತೈತಿ," ಎಂದವಳೇ ಕೆಂಡದ ಮೇಲೆ ಮೆಣಸಿನಕಾಯಿ ಸುರಿದಳು. "ಅದನ್ನ ಕಳಸೂಣು!"