ವೈರಸ್ ಬಸ್ಸಿನ ವರ

ಕೆಲಸ ಏನೆಂದು ಕೇಳಿದರೆ "ಲ್ಯಾಬಲ್ಲಿ" ಎಂದಷ್ಟೇ ಹೇಳಿ ಸುಮ್ಮನಿರು ಎಂದು ಜಲಜಮ್ಮ ಹೊಸನಗರದಿಂದ ಕೋಣಂದೂರಿನವರೆಗೂ ಮಗನಿಗೆ ಪಾಠ ಮಾಡಿಕೊಂಡೇ ಬಂದಿದ್ದರು. ದೀಪಕ್ ಒಳ್ಳೆಯ ಹುಡುಗ. ಆದರೆ ಸಂಶೋಧನೆಯ ಮಾತು ಬಂತೆಂದರೆ ಅವನ ನಾಲಿಗೆಗೆ ಬ್ರೇಕ್ ಇರಲಿಲ್ಲ. ಹಿಂದಿನ ಸಂಬಂಧಗಳೆಲ್ಲ ತಪ್ಪಿದ್ದೇ ಹಾಗೆ. ಈ ಸಲದ ಹುಡುಗಿ ಧನ್ಯಶ್ರೀಯ ಫೋಟೋವನ್ನು ಮೊಬೈಲಿನಲ್ಲಿ ನೋಡಿ ನೋಡಿ ಅವನು ಮನಸೋತಿದ್ದ. ಇದೂ ತಪ್ಪಿದರೆ ಎಂಬ ಭಯ ಅವನಿಗೂ ಇತ್ತು.

ಹುಡುಗಿ ಇನ್ನೂ ಡ್ಯೂಟಿಯಿಂದ ಬಂದಿರಲಿಲ್ಲ. ಅವಳಪ್ಪ ಧರ್ಮಪ್ಪ ತಟ್ಟೆಯಲ್ಲಿ ಕೇಸರಿಬಾತ್ ಕೊಟ್ಟು ಉಪಚರಿಸಿದರು. ಪಕ್ಕದ ಮನೆಯ ತಿಮ್ಮಣ್ಣ ಯಾರೂ ಕರೆಯದಿದ್ದರೂ ಎದುರಿಗೇ ಕೂತಿದ್ದರು.

"ಲ್ಯಾಬಲ್ಲಿ ಎಂತ ಮಾಡ್ತೀರಿ?" ಎಂದರು ತಿಮ್ಮಣ್ಣ.

ಜಲಜಮ್ಮ ಮಗನ ಕಾಲು ತುಳಿದರು. ತಡವಾಗಿತ್ತು.

"ವೈರಸ್ ಬಳಸಿ ಮನುಷ್ಯರ ಒಂದೊಂದೇ ಜೀನ್ ಕೆಲಸ ಮಾಡದ ಹಾಗೆ ತಡೀತೀವಿ. ಆಗ ಎಂತ ಕೆಡ್ತದೆ ಅಂತ ನೋಡಿದ್ರೆ ಆ ಜೀನಿನ ಕೆಲಸ ಏನಿತ್ತು ಅಂತ ಗೊತ್ತಾಗ್ತದೆ."

ವೈರಸ್ ಎಂದ ಕೂಡಲೇ ಧರ್ಮಪ್ಪನವರ ಮುಖ ಸಣ್ಣದಾಯಿತು. ಮಂಗನ ಕಾಯಿಲೆಯ ವೈರಸ್ ಕಂಡ ಸೀಮೆ ಅದು. ಕಾಡಲ್ಲೊಂದು ಮಂಗ ಸತ್ತರೆ ಸೌದೆಗೆ ಹೋಗಲೂ ಜನ ಹೆದರುತ್ತಾರೆ.

"ಹೆದರ್ಬೇಡಿ ಮಾವ, ವೈರಸ್ ಅಂದ್ರೆ ಬಸ್ಸಿದ್ದ ಹಾಗೆ. ಒಳಗಿದ್ದ ಕಳ್ರನ್ನ ಇಳಿಸಿ, ನಮ್ಮ ಪೊಲೀಸ್ರನ್ನ ಹತ್ತಿಸಿ ಕಳಿಸ್ತೀವಿ."

"ಇಳಿಸಿದ ಕಳ್ರು ಎಲ್ಲಿಗೆ ಹೋದ್ರು?" ಎಂದು ತಿಮ್ಮಣ್ಣ ಕೇಳಿದರು.

ಅವನ ಗೈಡ್ ಕೂಡ ಎಂದೂ ಕೇಳದ ಪ್ರಶ್ನೆ ಅದು. ದೀಪಕ್ ಒಂದು ಚಮಚ ಕೇಸರಿಬಾತ್ ಬಾಯಿಗೆ ಹಾಕಿಕೊಂಡ.

"ನೋಡಿ, ಅವ್ರಿಗೇ ಗೊತ್ತಿಲ್ಲ! ನಮ್ಮೂರಲ್ಲೇ ಇಳಿದ್ರೋ ಎಂತದೋ!" ಎಂದರು ತಿಮ್ಮಣ್ಣ.

"ಮನುಷ್ಯರ ಮೇಲೆ ಬಿಡ್ತೀರಾ?" ಎಂದರು ಧರ್ಮಪ್ಪ.

"ಇಲ್ಲ ಮಾವ, ಬರೀ ಜೀವಕೋಶದ ಮೇಲೆ. ಅವನ್ನ ತಟ್ಟೇಲಿ ಬೆಳೆಸ್ತೀವಿ."

ಎಲ್ಲರೂ ಅವನ ಕೈಯಲ್ಲಿದ್ದ ತಟ್ಟೆ ನೋಡಿದರು. ತಿಮ್ಮಣ್ಣ ಎದ್ದು ಎರಡೇ ಬೆರಳಲ್ಲಿ ಅದನ್ನೆತ್ತಿ ಹೊರಗಿಟ್ಟು ಬಂದರು. ಆಮೇಲೆ ದೀಪಕನ ಕುರ್ಚಿ ಜಗಲಿಗೆ ಬಂತು. ಸುದ್ದಿ ಕೇಳಿ ಬಂದ ಅಕ್ಕಪಕ್ಕದವರಲ್ಲಿ ಒಬ್ಬರು ಜ್ವರ ಉಂಟಾ ಎಂದರು, ಒಬ್ಬರು ಡೆಟ್ಟಾಲ್ ಚಿಮುಕಿಸಿದರು. ಅವನು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದ. ಹೇಳಿದಷ್ಟೂ ಕುರ್ಚಿ ಹಿಂದೆ ಹೋಯಿತು. ಧನ್ಯಶ್ರೀಯ ಸ್ಕೂಟರ್ ಬಂದು ನಿಂತಾಗ ಅವನು ಗೇಟಿನ ಹತ್ತಿರವಿದ್ದ.

ಅವಳು ಸಂಗತಿ ಕೇಳಿ, "ಆ ವೈರಸ್ಸಲ್ಲಿ ಮರಿ ಮಾಡೋ ಜೀನ್ ತೆಗೆದಿರ್ತೀರಲ್ಲ?" ಎಂದಳು.

ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಹೆಣ್ಣು ಅವನಿಗೆ ಸರಿಯಾದ ಪ್ರಶ್ನೆ ಕೇಳಿತ್ತು. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು.

"ಅಪ್ಪ, ಅದು ಜೀವಕೋಶದೊಳಗೆ ಒಂದ್ಸಲ ಹೋಗ್ತದೆ, ಅಷ್ಟೆ. ಅಲ್ಲಿಂದ ಮುಂದೆ ಹರಡೋದಿಲ್ಲ. ಲ್ಯಾಬಲ್ಲಿ ಗ್ಲೌಸ್ ಹಾಕ್ಕೊಂಡು ಹುಷಾರಾಗಿ ಮಾಡೋ ಕೆಲಸ. ಇವ್ರಿಂದ ಯಾರಿಗೂ ಎಂತದೂ ಆಗಲ್ಲ."

ಮಗಳ ಮಾತಿಗೆ ಧರ್ಮಪ್ಪ ಕರಗಿದರು. ತಿಮ್ಮಣ್ಣನೇ ಕುರ್ಚಿ ಹೊತ್ತು ಒಳಗೆ ತಂದು ಅವಳ ಪಕ್ಕದಲ್ಲೇ ಹಾಕಿ ದೀಪಕನನ್ನು ಕೂರಿಸಿದರು. "ನಮ್ಮ ಒಪ್ಪಿಗೆ ಉಂಟು" ಎಂದರು ಧರ್ಮಪ್ಪ.

ಜಲಜಮ್ಮನವರಿಗೆ ಹಿಡಿಸಲಾರದಷ್ಟು ಹಿಗ್ಗು. "ಇಷ್ಟೆಲ್ಲ ಹ್ಯಾಗೆ ಗೊತ್ತು ಮಗಾ? ಆಫೀಸ್ ಕೆಲಸ ಅಂದಿದ್ರಲ್ಲ ನಿಮ್ಮಪ್ಪ?"

ಧರ್ಮಪ್ಪ ಜೋರಾಗಿ ಕೆಮ್ಮಿದರು. ತಿಮ್ಮಣ್ಣನಿಗೆ ಅದು ಅರ್ಥವಾಗಲಿಲ್ಲ.

"ಆಫೀಸೆಂತದು ಜಲಜಕ್ಕ! ನಮ್ಮ ಧನ್ಯ ಮಂಗನ ಕಾಯಿಲೆ ತಂಡದಲ್ಲಿ ಇದಾಳೆ. ಮಂಗ ಸತ್ತ ಜಾಗದಲ್ಲಿ ನೆಲದ ಮೇಲೆ ಬಟ್ಟೆ ಎಳೆದು ಆ ಕಾಯಿಲೆ ಹರಡೋ ಉಣುಗು ಹುಳ ಹಿಡೀತಾಳೆ. ಈಗ ಬಂದಿದ್ದೂ ಹುಲಿಕಲ್ ಕಾಡಿಂದ್ಲೇ."

ಜಲಜಮ್ಮ ದಿಗ್ಗನೆ ಎದ್ದರು.

"ಅಮ್ಮ, ಉಣುಗನ್ನ ಸೀಸೇಲಿ ಹಾಕಿ ಭದ್ರವಾಗಿ ಮುಚ್ಚಿರ್ತಾರೆ..." ಎಂದು ದೀಪಕ್ ಶುರು ಮಾಡಿದ.

"ದಯವಿಟ್ಟು ನೀವು ವಿವರಿಸ್ಬೇಡಿ" ಎಂದಳು ಧನ್ಯಶ್ರೀ. ಅಷ್ಟರಲ್ಲಿ ಜಲಜಮ್ಮ ಗೇಟು ದಾಟಿದ್ದರು.

ಬಾಡಿಗೆಯ ಓಮ್ನಿಯಲ್ಲಿ ಅವರು ಡ್ರೈವರನ ಪಕ್ಕ ಕೂತು ಕಿಟಕಿ ಪೂರ್ತಿ ಇಳಿಸಿದರು. ಹತ್ತಿರ ಬಂದ ಮಗನಿಗೆ ಕೊನೆಯ ಸೀಟು ತೋರಿಸಿದರು.

"ಆ ಹುಡುಗಿ ಪಕ್ಕ ಕೂತಿದ್ಯಲ್ಲ. ಮನೆಗೆ ಹೋಗಿ ಸ್ನಾನ ಆಗೋವರೆಗೂ ನೀನು ಹಿಂದೇನೇ ಇರು."