ಜೋಳ ತಿನ್ನುವ ಸ್ಕೂಟರು

ನನ್ನ ನೆನಪನ್ನು ನಂಬಿ ಯಾರೂ ಕೆಡಬಾರದು ಎಂದು ಮೊದಲೇ ಹೇಳಿಬಿಡುತ್ತೇನೆ. ನಡೆದದ್ದನ್ನು ಅದು ಅಚ್ಚುಕಟ್ಟಾಗಿ ಮಡಚಿಡುತ್ತದೆ. ಮಡಚುವಾಗ ನನ್ನ ತಪ್ಪುಗಳೆಲ್ಲ ಒಳಮಗ್ಗುಲಿಗೆ ಹೋಗಿಬಿಡುತ್ತವೆ. ಆದ್ದರಿಂದ ಅನುಮಾನ ಬಂದ ಕಡೆಯೆಲ್ಲ ನನ್ನ ಹೆಂಡತಿ ಸುಮಾಳ ಮಾತನ್ನೇ ಅಂತಿಮವೆಂದು ತಿಳಿಯತಕ್ಕದ್ದು. ಶ್ರೀಗಂಧದ ಕಾವಲ್‌ನ ನಮ್ಮ ಮನೆಯ ತಾರಸಿಯ ಮೇಲೆ ಅವಳು ಸಾಕಿರುವ ಕೋಳಿಗಳು ಐದು ಎಂದು ಬರೆದಿದ್ದೆ. ಓದಿ, ಆರು ಎಂದು ತಿದ್ದಿದಳು. "ಕುಂಟ್ ಕೋಳೀನ ಯಾಕ್ ಬಿಟ್ರಿ? ಅದೂ ಮೊಟ್ಟೆ ಇಡತ್ತೆ" ಅಂದಳು. ಆ ಆರೂ ಕೋಳಿಗಳು ಈಚೆಗೆ ನಮ್ಮ ಕೈಬಿಟ್ಟು ಹೋಗುವುದರಲ್ಲಿದ್ದವು. ಅದಕ್ಕೆ ಕಾರಣ ನನ್ನ ಸ್ಕೂಟರು.

ಮೆಕ್ಕೆಜೋಳದಿಂದ ತೆಗೆದ ಎಥನಾಲನ್ನು ಪೆಟ್ರೋಲಿಗೆ ಬೆರೆಸಲು ಸರ್ಕಾರ ನೆರವು ಕೊಡುತ್ತದೆಂದು ಓದಿ ಮೆಚ್ಚಿಕೊಂಡವನು ನಾನೇ. ವಿದೇಶಿ ತೈಲದ ಖರ್ಚು ಉಳಿಯುತ್ತದೆ, ರೈತನಿಗೆ ಬೆಲೆ ಸಿಗುತ್ತದೆ ಎಂದು ಊಟದ ಹೊತ್ತಿನಲ್ಲಿ ಸಣ್ಣದೊಂದು ಭಾಷಣವನ್ನೂ ಮಾಡಿದೆ. ನನ್ನ ನೆನಪಿನಲ್ಲಿ ಸುಮಾ ತಲೆದೂಗಿದ್ದಾಳೆ. ಅವಳ ಪ್ರಕಾರ, ಸಾರಿಗೆ ಉಪ್ಪು ಸಾಕಾ ಎಂದು ಕೇಳಿದ್ದಳು, ಅಷ್ಟೇ.

ಮೊದಲು ತಕರಾರು ತೆಗೆದದ್ದು ಸ್ಕೂಟರು. ಮಳೆಯಲ್ಲಿ ನಾಲ್ಕು ದಿನ ನಿಂತಿತ್ತು, ಐದನೆಯ ದಿನ ಒದ್ದರೆ ಕೆಮ್ಮಿತು. ಇಂಥ ಹಳೆಯ ಸ್ಕೂಟರು ಇಟ್ಟುಕೊಂಡವರಿಗೆಲ್ಲ ಒಂದು ಸಂಪ್ರದಾಯ ಗೊತ್ತು. ಬಲಕ್ಕೆ ಇನ್ನೇನು ನೆಲ ಮುಟ್ಟಬೇಕು ಎನ್ನುವಷ್ಟು ವಾಲಿಸಿ, ಹತ್ತು ಎಣಿಸಿ, ನೇರ ನಿಲ್ಲಿಸಿ ಒದೆಯುವುದು. ರಾಜಾಜಿನಗರದ ಅರ್ಧ ಗಂಡಸರು ಒಂದು ಕಾಲದಲ್ಲಿ ಆಫೀಸಿಗೆ ಹೋದದ್ದೇ ಹೀಗೆ. ನಾನೂ ವಾಲಿಸಿದೆ, ಮತ್ತೆ ಮತ್ತೆ ವಾಲಿಸಿದೆ. ಕೊನೆಗೆ ಮಾಗಡಿ ರಸ್ತೆಯ ಮೆಕ್ಯಾನಿಕ್ ಮುನ್ನಾನ ಹತ್ತಿರ ತಳ್ಳಿಕೊಂಡು ಹೋದೆ.

"ವಾಲ್ಸಿದ್ರಾ ಸಾರ್?"

"ವಾಲ್ಸಿದೆ."

"ಇನ್ಮೇಲೆ ಅದ್ ಬಿಟ್ಬಿಡಿ. ಈ ಎಥನಾಲ್ ಪೆಟ್ರೋಲು ನೀರು ಎಳ್ಕೊಳತ್ತೆ, ಟ್ಯಾಂಕ್ ಅಡೀಲಿ ನಿಂತಿರತ್ತೆ. ನೀವು ವಾಲ್ಸಿ ವಾಲ್ಸಿ ಅದನ್ನೇ ಎಂಜಿನ್‌ಗೆ ಕುಡ್ಸಿದೀರ. ರಬ್ಬರ್ ನೋಡಿ, ಹೆಂಗ್ ಊದ್ಕೊಂಡಿದೆ. ಮೈಲೇಜೂ ಬಿದ್ದಿರ್ಬೇಕಲ್ಲ?"

"ಸ್ವಲ್ಪ ಕಮ್ಮಿ."

"ಬಂಕಲ್ಲಿ ರೇಟ್ ಕಮ್ಮಿ ಆಯ್ತಾ ಸಾರ್?"

ಉತ್ತರ ಅವನಿಗೂ ಗೊತ್ತಿತ್ತು.

ಅದೇ ವಾರ, ಸುಮಾಳ ಪ್ರಕಾರ ಮುಂದಿನ ವಾರ, ಕೋಳಿಗಳಿಗೆ ಮೆಕ್ಕೆಜೋಳದ ನುಚ್ಚು ತರಲು ಹೆಗ್ಗನಹಳ್ಳಿಯ ರುದ್ರೇಶಿಯ ಅಂಗಡಿಗೆ ಹೋದೆವು. ಅವನು ಬೆಲೆ ಹೇಳಿದ ಕೂಡಲೇ ಸುಮಾ ಬಿಚ್ಚಿದ ಬ್ಯಾಗನ್ನು ಮತ್ತೆ ಸುತ್ತಿಟ್ಟಳು.

"ನಾನೇನ್ ಮಾಡ್ಲಿ ಅಕ್ಕ, ಡಿಸ್ಟಿಲರಿಯೋರು ಲಾರಿಗಟ್ಲೆ ಎತ್ಕೊಂಡ್ ಹೋಗ್ತಾರೆ. ಅವ್ರ ಎಥನಾಲ್‌ಗೆ ಸರ್ಕಾರನೇ ರೇಟ್ ಕಟ್ಟಿದೆ. ನಿಮ್ ಕೋಳಿಗೆ ಯಾರ್ ಕಟ್ತಾರೆ?"

"ಬೆಳೆಯೋರಿಗಾದ್ರೂ ಸಿಗತ್ತಲ್ಲಪ್ಪ" ಎಂದೆ. ನನ್ನ ಭಾಷಣ ಇನ್ನೂ ಪೂರ್ತಿ ಸತ್ತಿರಲಿಲ್ಲ.

"ಒಂದೊರ್ಷ ಸಿಕ್ತು ಸಾರ್. ಅದನ್ನ ನೋಡಿ ನಮ್ ಭಾವ ತೊಗರಿ ಬಿಟ್ಟು ಪೂರಾ ಜೋಳ ಹಾಕಿದ್ರು. ಊರೋರೆಲ್ಲ ಹಾಕಿದ್ರು. ಸುಗ್ಗೀಲಿ ಕೇಳೋರೇ ಇಲ್ಲ. ಗೋಡೌನ್ ಇದ್ದೋರು ತುಂಬ್ಕೊಂಡ್ರು, ಈಗ ರೇಟ್ ಏರ್ಸಿ ಬಿಡ್ತಾವ್ರೆ. ಭಾವನ ಮನೇಗೆ ಈಗ ತೊಗರಿಬೇಳೆ ಅಂಗಡಿಯಿಂದ."

ದಾರಿಯಲ್ಲಿ ಯೋಚಿಸಿದೆ. ಬಂಕಿನಲ್ಲಿ ಅದೇ ದುಡ್ಡು ಕೊಟ್ಟು ಕಡಿಮೆ ದೂರ ಹೋಗುತ್ತೇನೆ. ನುಚ್ಚಿಗೂ ಹೆಚ್ಚು ಕೊಡಬೇಕು, ಮುಂದೆ ಬಹುಶಃ ಬೇಳೆಗೂ. ಇಷ್ಟಕ್ಕೂ ಮೂಲವಾದ ನೆರವು ಹೋಗುವುದು ನನ್ನ ತೆರಿಗೆಯಿಂದ. ನನ್ನ ಸ್ಕೂಟರು ಮತ್ತು ನಮ್ಮ ಕೋಳಿಗಳು ಒಂದೇ ಚೀಲಕ್ಕೆ ಹರಾಜು ಕೂಗುತ್ತಿವೆ, ಎರಡೂ ಕಡೆಯಿಂದ ಬೆಲೆ ಏರಿಸುತ್ತಿರುವವನು ನಾನು.

ಸಂಜೆ ಸುಮಾ ತಾರಸಿಯಲ್ಲಿ ಶಾಲೆಯ ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದಳು. ಕುಂಟ ಕೋಳಿ ಎಂದಿನಂತೆ ಅವಳ ಸೆರಗಿನ ಮೇಲೆ ಕೂತಿತ್ತು.

"ಮನೇಲಿ ಜೋಳ ತಿನ್ನೋ ಪಾರ್ಟಿ ಎರಡಾಯ್ತು. ಇಬ್ರನ್ನೂ ಸಾಕಕ್ಕಾಗಲ್ಲ" ಎಂದಳು, ತಲೆ ಎತ್ತದೆ. "ಕೋಳಿ ಕೊಟ್ರೆ, ತಗೊಂಡೋರು ಭಾನುವಾರದವರೆಗೂ ಕಾಯಲ್ಲ. ನೀವೇ ಹೇಳಿ."

ಗಂಭೀರವಾಗಿ ಆಲೋಚಿಸಿ ತ್ಯಾಗಕ್ಕೆ ಸಿದ್ಧನಾದೆ ಎಂದು ಬರೆಯುವ ಆಸೆಯಿದೆ. ಆದರೆ ಸ್ಕೂಟರು ಕೊಳ್ಳುತ್ತೀಯಾ ಎಂದು ಮರುದಿನ ರುದ್ರೇಶಿಗೆ ಫೋನ್ ಮಾಡಿದ್ದು ಅವಳು. ದುಡ್ಡು ಕೊಡಲ್ಲ, ಬೇಕಾದಾಗ ಒಂದೊಂದರಂತೆ ಎಂಟು ಚೀಲ ನುಚ್ಚು ಕೊಡ್ತೀನಿ ಎಂದನಂತೆ. ನಾನು ಬಾಯಿ ತೆರೆಯುವಷ್ಟರಲ್ಲಿ ವ್ಯಾಪಾರ ಮುಗಿದಿತ್ತು.

"ಮನೆಗೆ ತಂದ್ಕೊಡ್ತೀಯಾ?" ಎಂದು ಅವನನ್ನು ಕೇಳಿದೆ.

"ನಿಮ್ ಸ್ಕೂಟರ್ ಮೇಲಾ? ಅದು ಸ್ಟಾರ್ಟ್ ಆಗ್ಬೇಕಲ್ಲ ಸಾರ್."

ಹೀಗೆ ಕೋಳಿಗಳು ಉಳಿದವು, ಹೊರುವ ಕೆಲಸ ನನ್ನ ಪಾಲಿಗೆ ಬಂತು. ಮೊನ್ನೆ ಎರಡನೆಯ ಚೀಲವನ್ನು ಹೆಗ್ಗನಹಳ್ಳಿಯಿಂದ ಹೆಗಲ ಮೇಲೆ ತಂದು, ಮೂರು ಮಹಡಿ ಹತ್ತಿ, ತಾರಸಿಯಲ್ಲಿ ಇಳಿಸಿ ಏದುಸಿರು ಬಿಡುತ್ತಿದ್ದೆ. ಸುಮಾ ಚೊಂಬಿನಲ್ಲಿ ನೀರು ತಂದಳು. ಕೃತಜ್ಞತೆಯಿಂದ ಕೈ ಚಾಚಿದೆ.

"ಸ್ವಲ್ಪ ಪಕ್ಕಕ್ಕೆ ಬನ್ನಿ" ಎಂದು, ನನ್ನನ್ನು ದಾಟಿ, ಕೋಳಿಗಳ ಬಟ್ಟಲಿಗೆ ಸುರಿದಳು.