ಇಂಚು ಮಾಸ್ಟರು ಕಾರಿನ ಚಕ್ರ ಹೊರಗೆಳೆದದ್ದು

"ಈ ಚಕ್ರಗಳನ್ನ ಹೊರಗೆ ತರದಿದ್ದರೆ ನಾನು ಕತ್ತರಿ ಹಿಡಿಯೋದನ್ನೇ ಬಿಡ್ತೀನಿ!"

ಇಂಚು ಮಾಸ್ಟರು ಬೀದಿಯಲ್ಲಿ ನಿಂತು ಹೀಗೆ ಗುಡುಗಿದಾಗ ಎದುರುಮನೆ ಬೆಕ್ಕು ಕೂಡ ತಲೆಯೆತ್ತಿ ಕೇಳಿತು. ಹೆಂಡತಿ ಮಾತ್ರ ಕಾಜಾ ಹೊಲಿಯುತ್ತಾ, "ಬಿಟ್ಟರೆ ಒಳ್ಳೇದೇ, ತರಕಾರಿ ಹೆಚ್ಚೋಕೆ ಒಂದು ಕೈ ಸಿಗುತ್ತೆ" ಅಂದಳು.

ಮಾಸ್ಟರು ದರ್ಜಿ. ಮಾತಿಗೆ ಮುಂಚೆ ಟೇಪು ಎಳೆಯೋ ಜಾತಿ. ಅದಕ್ಕೇ ಆ ಹೆಸರು. ಅವರು ಹಳೇದೊಂದು ಸ್ಪೋರ್ಟ್ಸ್ ಕಾರು ಕೊಂಡಿದ್ದರು. ಕೆಂಪು ಬಣ್ಣ, ಎರಡೇ ಸೀಟು, ತಲೆ ಮೇಲೆ ಸೂರಿಲ್ಲ. ಎಲ್ಲಾ ಸರಿ, ಚಕ್ರ ಮಾತ್ರ ಒಳಗೆ ಅಡಗಿ ಕೂತಿದ್ದವು. "ದೊಡ್ಡಪ್ಪನ ಅಂಗಿ ತೊಟ್ಟ ಸಣಕಲನ ಕೈ ಹಾಗಿದೆ!" ಅಂತ ಅವರಿಗೆ ಸಂಕಟವೋ ಸಂಕಟ.

ಹೆಂಡತಿಯ ತಮ್ಮ ಮೆಕ್ಯಾನಿಕ್ಕು. ಅವನು ಬಂದು ಹೇಳಿದ: "ಭಾವ, ಚಕ್ರಕ್ಕೂ ಅಚ್ಚಿಗೂ ನಡುವೆ ತೂರಿಸೋ ಲೋಹದ ಬಿಲ್ಲೆ ಸಿಗುತ್ತೆ. ಸ್ಪೇಸರ್ ಅಂತಾರೆ. ಆದರೆ ಚಕ್ರ ಎಷ್ಟು ಒಳಗಿರಬೇಕು ಅಂತ ಕಾರು ಮಾಡಿದೋರು ಸುಮ್ನೆ ಇಟ್ಟಿರಲ್ಲ. ಬಾಗಿಲನ್ನ ಕೀಲಿನ ಹತ್ತಿರ ತಳ್ಳಿ ನೋಡಿ, ಅಲ್ಲಾಡಲ್ಲ. ತುದೀಲಿ ಒಂದು ಬೆರಳು ಸಾಕು. ಚಕ್ರ ಹೊರಗೆ ಹೋದಷ್ಟೂ ಹಾಗೇನೆ. ಸ್ಟೀರಿಂಗು ನೀವು ತಿರುಗಿಸಲ್ಲ, ರಸ್ತೆ ಗುಂಡಿ ತಿರುಗಿಸುತ್ತೆ."

"ಹೋಗಯ್ಯಾ! ಮೂವತ್ತು ವರ್ಷ ಕೋಟಿನ ಹೆಗಲಿಗೆ ಪ್ಯಾಡ್ ಹಾಕಿದ್ದೀನಿ. ಇದೂ ಪ್ಯಾಡೇ!"

ಪ್ಯಾಡು ಒಂದೂವರೆ ಇಂಚಿಂದು! ಹತ್ತು ದಿನ ಮಾಸ್ಟರು ಕಾರಿನ ಕೆಳಗೇ ಸಂಸಾರ ಹೂಡಿದರು. ಚಕ್ರಗಳು ಮಡ್‌ಗಾರ್ಡು ದಾಟಿ ಹೊರಗೆ ಇಣುಕಿದವು. ತಿರುಗಿಸಿದರೆ ಟೈರು ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ ಕರಕರ ಉಜ್ಜಿತು. ಬೇರೆಯವರಾಗಿದ್ದರೆ ಬಿಲ್ಲೆ ತೆಗೆಯುತ್ತಿದ್ದರು. ಮಾಸ್ಟರು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬಟ್ಟೆ ಕತ್ತರಿಸುವ ಕತ್ತರಿಯಿಂದ ಹೊದಿಕೆಯನ್ನೇ ಗುಂಡಗೆ ಕತ್ತರಿಸಿದರು!

"ಅಯ್ಯೋ, ಅಂಚು ಮಡಚಿ ಹೊಲಿಗೇನೂ ಹಾಕಿಬಿಡಿ," ಅಂದಳು ಹೆಂಡತಿ.

ಮರುದಿನ ಶಾಲೆಯ ಹೆಡ್‌ಮೇಡಮ್ಮನವರ ಮಗನಿಗೆ ರಿಜಿಸ್ಟರ್ ಆಫೀಸಿನಲ್ಲಿ ಮದುವೆ. ಹನ್ನೊಂದು ಗಂಟೆಗೆ ಮದುಮಗನ ಕೋಟು ಅಲ್ಲಿರಬೇಕು. ಹಾಲಿನ ಬಣ್ಣದ ಕೋಟು. ಅದು ಮೆಚ್ಚುಗೆಯಾದರೆ ಮುನ್ನೂರು ಮಕ್ಕಳ ಯೂನಿಫಾರಂ ಮಾಸ್ಟರಿಗೇ ಅಂತ ಮೇಡಮ್ಮು ಮಾತು ಕೊಟ್ಟಿದ್ದರು. ಅಂಗಡಿ ಉಳಿಯೋದೂ ಮುಳುಗೋದೂ ಅದರ ಮೇಲೇ ನಿಂತಿತ್ತು.

"ಕೋಟಿಗೆ ಒಂದು ದುಪ್ಪಟಿ ಸುತ್ತೋಣ ರೀ."

"ಬೇಡ! ಮಡಿಕೆ ಬೀಳುತ್ತೆ. ಎತ್ತಿ ಹಿಡ್ಕೋ, ಊರು ನೋಡಲಿ!"

ಹೊರಟರು. ಮಾಸ್ಟರು ತಾವೂ ಒಂದು ಹೊಸ ನೀಲಿ ಕೋಟು ತೊಟ್ಟು ಕುದುರೆ ಏರಿದ ರಾಜನ ಹಾಗೆ ಕೂತಿದ್ದರು. ಮೊದಲ ಗುಂಡಿಗೇ ಸ್ಟೀರಿಂಗು ಕೈ ಕಿತ್ತುಕೊಂಡು ಔಷಧಿ ಅಂಗಡಿ ಕಡೆ ಓಡಿತು. ಎಳೆದು ತಂದರೆ ಎರಡನೇ ಗುಂಡಿ ಸೈಕಲ್ ಅಂಗಡಿ ಕಡೆ ತಿರುಗಿಸಿತು.

"ರೀ, ಎಲ್ಲಿಗ್ರೀ ಹೋಗ್ತಿದ್ದೀರಿ?"

"ನಾನೆಲ್ಲೇ ಹೋಗ್ತಿದ್ದೀನಿ? ಅದು ಹೋಗ್ತಿದೆ!"

ರಿಜಿಸ್ಟರ್ ಆಫೀಸಿನ ತಿರುವಿನಲ್ಲಿ ಹಿಂದಿನ ದಿನದ ಮಳೆನೀರು ಎಡಗಡೆ ನಿಂತಿತ್ತು. ಎಡಚಕ್ರದ ಅಂಚು ನೀರಿಗೆ ತಾಕಿದ್ದೇ ತಡ, ಎಮ್ಮೆ ಕೆರೆ ಕಂಡ ಹಾಗೆ ಇಡೀ ಕಾರು ಅತ್ತ ನುಗ್ಗಿತು. ಮಾಸ್ಟರು ಸ್ಟೀರಿಂಗಿಗೆ ಜೋತುಬಿದ್ದರೂ ಬಗ್ಗಲಿಲ್ಲ. ಚಕ್ರವೋ ಹೊರಗೆ ಇಣುಕಿದೆ, ತಡೆಯೋಕೆ ಮೇಲೆ ಮಡ್‌ಗಾರ್ಡಿಲ್ಲ, ಹೊದಿಕೆಗೆ ಕತ್ತರಿ ಬಿದ್ದಿದೆ. ಕೆಸರು ಸೂರಿಲ್ಲದ ಕಾರಿಗೆ ಸುರ್ರನೆ ಹಾರಿ ಬಂತು!

ಕಾರು ನಿಂತಿತು. ಹೆಂಡತಿಯ ಮೂಗಿನ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು. ಹಾಲಿನ ಬಣ್ಣದ ಕೋಟು ಕಾಫಿ ಬಣ್ಣಕ್ಕೆ ತಿರುಗಿತ್ತು. ಬಲಗಡೆ ಕೂತ ಮಾಸ್ಟರ ಮೇಲೆ ಒಂದು ಚುಕ್ಕೆಯೂ ಇಲ್ಲ!

"ಊರು ನೋಡ್ತಿದೆ ನೋಡಿ," ಅಂದಳು ಅವಳು.

ಗಡಿಯಾರ ಹನ್ನೊಂದಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಮದುಮಗ ಬರೀ ಶರ್ಟಿನಲ್ಲಿ ಮೆಟ್ಟಿಲ ಮೇಲೆ ನಿಂತಿದ್ದ. ಪುಣ್ಯಕ್ಕೆ ಅವನದೂ ಮಾಸ್ಟರದೂ ಒಂದೇ ಅಳತೆಯ ಮೈ. ಮಾಸ್ಟರು ಕಂಬದ ಮರೆಗೆ ಹೋಗಿ ತಮ್ಮ ಕೋಟು ಕಳಚಿ ಅವನಿಗೆ ತೊಡಿಸಿದರು. ತೊಡಿಸುತ್ತಲೇ ಕಾಲರಿನ ಒಳಗೊಮ್ಮೆ ತಡವಿ ನೋಡಿದರು. ಯಾಕೆಂದರೆ ಆ ಕೋಟು ಅವರು ಹೊಲಿದದ್ದಲ್ಲ. ಹತ್ತು ದಿನ ಕಾರಿನ ಕೆಳಗೆ ಮಲಗಿದವರಿಗೆ ಮದುಮಗನ ಕೋಟು ಮುಗಿಸಿದ್ದೇ ಹೆಚ್ಚು, ತಮ್ಮದು ಹೊಲಿಯೋಕೆ ಪುರುಸೊತ್ತೆಲ್ಲಿ? ಕದ್ದುಮುಚ್ಚಿ ಪೇಟೆಯಲ್ಲಿ ರೆಡಿಮೇಡ್ ಕೊಂಡು, ಕಾಲರಿನ ಚೀಟಿ ಬಿಚ್ಚಿಹಾಕಿದ್ದರು.

ಹೆಡ್‌ಮೇಡಮ್ಮು ಕನ್ನಡಕ ಏರಿಸಿ ಮಗನ ಸುತ್ತ ಒಂದು ಸುತ್ತು ಬಂದರು.

"ಬಣ್ಣ ಬದಲಾಯಿಸಿದ್ದೂ ಒಳ್ಳೇದೇ ಆಯ್ತು. ಆಹಾ, ಈ ಹೆಗಲು! ಈ ತೋಳು! ಮಾಸ್ಟರೇ, ಇಷ್ಟು ವರ್ಷ ಈ ಕೈಯನ್ನ ಎಲ್ಲಿ ಬಚ್ಚಿಟ್ಟಿದ್ರಿ? ಮುನ್ನೂರು ಮಕ್ಕಳಿಗೂ ಇದೇ ಹೊಲಿಗೆ ಬೇಕು, ಒಂದೆಳೆ ಹೆಚ್ಚುಕಮ್ಮಿ ಆಗಬಾರದು! ಆಗುತ್ತೆ ತಾನೆ?"

ಮಾಸ್ಟರು ಜೇಬಿಂದ ಟೇಪು ಎಳೆದರು, ಮತ್ತೆ ಒಳಗಿಟ್ಟರು. ಹೆಂಡತಿ ಮೂಗಿನ ಕೆಸರು ಒರೆಸಿಕೊಂಡು ಅವರ ಕಿವಿಯ ಹತ್ತಿರ ಬಗ್ಗಿದಳು:

"ಒಪ್ಪಿಕೊಳ್ಳಿ ರೀ. ಆ ರೆಡಿಮೇಡ್ ಅಂಗಡಿ ಭಾನುವಾರವೂ ತೆಗೆದಿರುತ್ತೆ!"